ತರಬೇತಿಯ ಲೆಕ್ಕ, ಕಲಿಕೆಯ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಕಾರ್ಖಾನೆ, ಬ್ಯಾಂಕು, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ನೌಕರರಿಗೆ ತರಬೇತಿ ಕೊಡಿಸುವ ಹೊಣೆ ಹೊತ್ತಿದ್ದಾರೆ. ಇನ್ನು ಹಲವರು ಆ ತರಬೇತಿಯನ್ನು ಪಡೆಯುವವರು. ಇಬ್ಬರೂ ದೂರವಾಣಿಯಲ್ಲಿ ಮಾತನಾಡುವಾಗ ಒಂದೇ ಕ್ರಿಯಾಪದವನ್ನು ಬಳಸುವುದನ್ನು ಗಮನಿಸಿದ್ದೇನೆ. ಅದು ‘ಮುಗಿಸುವುದು’. ‘ಮಾರ್ಚ್ ಒಳಗೆ ಆರು ಕೋರ್ಸು ಮುಗಿಸಬೇಕು ಸಾರ್’ ಎಂದು ಒಬ್ಬರು. ‘ನಮ್ಮಲ್ಲಿ ಇನ್ನೂ ನಲವತ್ತು ಜನ ಮುಗಿಸಿಲ್ಲ ಸಾರ್’ ಎಂದು ಇನ್ನೊಬ್ಬರು. ನಮ್ಮ ಕಾಲದ ಶಿಕ್ಷಕರ ಕೊಠಡಿಯಲ್ಲೂ ಈ ಪದಕ್ಕೆ ಬಹಳ ಚಲಾವಣೆಯಿತ್ತು. ಜನವರಿ ಬಂತೆಂದರೆ ‘ಪೋರ್ಷನ್ ಮುಗಿಯಿತೇ?’ ಎಂಬುದೇ ನಮ್ಮೊಳಗಿನ ಕುಶಲಪ್ರಶ್ನೆ. ಪಾಠ ಮುಗಿಯುವುದಕ್ಕೂ ಮಕ್ಕಳು ಕಲಿಯುವುದಕ್ಕೂ ನಡುವೆ ಎಷ್ಟು ಅಂತರವಿರಬಲ್ಲದೆಂಬುದು ಮೂವತ್ತಾರು ವರ್ಷ ಗಣಿತ, ವಿಜ್ಞಾನ ಬೋಧಿಸಿದವನಿಗೆ ಹೊಸ ವಿಷಯವಲ್ಲ. ಆದರೆ ಆ ಅಂತರವನ್ನು ಅಳೆಯುವ ಕೆಲಸವನ್ನು ಈಗ ಗಣಕಯಂತ್ರದ ತಂತ್ರಾಂಶಕ್ಕೆ ವಹಿಸಲಾಗಿದೆ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ತಿಳಿಯುವ ಕುತೂಹಲ ನನಗೆ ಕಳೆದ ವರ್ಷ ಹುಟ್ಟಿತು. ಅದಕ್ಕೆ ಕಾರಣನಾದವನು ಬೆಂಗಳೂರಿನ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತರಬೇತಿ ವಿಭಾಗ ನೋಡಿಕೊಳ್ಳುತ್ತಿರುವ ನನ್ನ ಒಬ್ಬ ಶಿಷ್ಯ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ತಂತ್ರಾಂಶವೆಂದರೆ ಏನೆಂದು ಹೇಳಬೇಕು.

ಹಳ್ಳಿಯಲ್ಲಿರುವ ನನ್ನ ಬಂಧುಗಳಿಗೂ ಅರ್ಥವಾಗುವಂತೆ ಹೇಳುವುದಾದರೆ, ಇದು ನಮ್ಮ ಹಾಜರಿ ಪುಸ್ತಕ, ಅಂಕಪಟ್ಟಿ ಮತ್ತು ಸಂಚಿತ ದಾಖಲೆ ಈ ಮೂರನ್ನೂ ಒಂದೇ ಕಡೆ ಹೊಲಿದಂಥ ಕಡತ. ಪ್ರತಿ ನೌಕರನಿಗೆ ಒಂದು ಸಂಖ್ಯೆ. ಅವನ ಹೆಸರಿನ ಎದುರು ಅವನು ಕಲಿಯಬೇಕಾದ ಪಾಠಗಳು. ಪ್ರತಿ ಪಾಠಕ್ಕೂ ಅವನು ಪ್ರಾರಂಭಿಸಿದ್ದಾನೆಯೇ, ಎಷ್ಟು ಹೊತ್ತು ತೆರೆದಿಟ್ಟಿದ್ದಾನೆ, ಕೊನೆಯ ಪರೀಕ್ಷೆಯಲ್ಲಿ ಎಷ್ಟು ಅಂಕ, ಎಷ್ಟನೆಯ ಯತ್ನದಲ್ಲಿ, ಗಡುವು ಮೀರಿದೆಯೇ ಎಂಬ ಕಲಮುಗಳು. ಮುಗಿಸಿದವರಿಗೆ ಹಸಿರು, ನಡುವೆ ಇರುವವರಿಗೆ ಹಳದಿ, ಬಾಕಿ ಉಳಿದವರಿಗೆ ಕೆಂಪು. ಇವೆಲ್ಲವನ್ನೂ ವಿಭಾಗವಾರು, ಪಾಳಿವಾರು ಕೂಡಿಸಿ ಮೇಲಧಿಕಾರಿಯ ಪರದೆಯ ಮೇಲೆ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಬಾಕಿ ಇರುವವರಿಗೆ ನೆನಪಿನ ಓಲೆಯನ್ನೂ ತಾನೇ ಕಳುಹಿಸುತ್ತದೆ. ನಾವು ಮೂರು ದಿನ ಕೂತು ಮಾಡುತ್ತಿದ್ದ ಕ್ರೋಡೀಕರಣವನ್ನು ಅದು ಕ್ಷಣಾರ್ಧದಲ್ಲಿ ಮಾಡುತ್ತದೆ. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಹಾಗಾದರೆ ಪಾಠ ಮುಗಿಯಿತೆಂದು ಯಂತ್ರಕ್ಕೆ ಹೇಳುವವರು ಯಾರು? ಇದನ್ನು ಕೇಳಿದಾಗ ಶಿಷ್ಯ ‘ಸ್ಕಾರ್ಮ್’ ಎಂಬ ಹೆಸರು ಹೇಳಿದ. ಅಮೆರಿಕದ ರಕ್ಷಣಾ ಇಲಾಖೆಯು 1997ರ ಹೊತ್ತಿಗೆ ಆರಂಭಿಸಿದ ಒಂದು ಯೋಜನೆಯಿಂದ ಹುಟ್ಟಿದ ನಿಯಮಾವಳಿಯಿದು. ಒಂದು ಸಂಸ್ಥೆ ತಯಾರಿಸಿದ ಪಾಠ ಇನ್ನೊಂದು ಸಂಸ್ಥೆಯ ತಂತ್ರಾಂಶದಲ್ಲಿ ನಡೆಯುವಂತಿರಬೇಕು, ಎರಡೂ ಒಂದೇ ಭಾಷೆಯಲ್ಲಿ ವರದಿ ಮಾಡಿಕೊಳ್ಳುವಂತಿರಬೇಕು ಎಂಬುದು ಅದರ ಉದ್ದೇಶ. 2001ರಲ್ಲಿ ಬಂದ ಅದರ 1.2ನೇ ಆವೃತ್ತಿ ಬಹು ಜನಪ್ರಿಯವಾಯಿತು. ಅದರಲ್ಲಿ ಕಲಿಯುವವನ ಸ್ಥಿತಿಯನ್ನು ಹೇಳಲು ಇದ್ದ ಪದಗಳು ಆರೇ: ಉತ್ತೀರ್ಣ, ಅನುತ್ತೀರ್ಣ, ಪೂರ್ಣ, ಅಪೂರ್ಣ, ಸುಮ್ಮನೆ ತಿರುವಿಹಾಕಿದ್ದು, ಮುಟ್ಟಿಲ್ಲದ್ದು. ‘ಪೂರ್ಣ’ ಎಂದರೆ ಏನೆಂಬುದನ್ನು ತೀರ್ಮಾನಿಸುವವನು ಪಾಠ ತಯಾರಿಸಿದವನು. ಕೊನೆಯ ಪುಟ ತಲುಪಿದರೆ ಪೂರ್ಣವೆಂದು ಅವನು ಬರೆದಿಟ್ಟರೆ, ಕೊನೆಯ ಪುಟ ತಲುಪಿದವರೆಲ್ಲ ಹಸಿರು. 2013ರಲ್ಲಿ ಇದಕ್ಕಿಂತ ವಿಸ್ತಾರವಾದ ಇನ್ನೊಂದು ಕ್ರಮ ಬಂತು. ಅದರ ಹೆಸರು ‘ಎಕ್ಸ್‌ಎಪಿಐ’. ಅದರ ವರದಿಯ ಮೂಲರಚನೆ ವ್ಯಾಕರಣದ ಪಾಠದಂತಿದೆ. ಕರ್ತೃ, ಕ್ರಿಯಾಪದ, ಕರ್ಮ; ಅಂದರೆ ಯಾರು, ಏನು ಮಾಡಿದರು, ಯಾವುದನ್ನು. ಗಣಕಯಂತ್ರದ ಹೊರಗೆ ಮಾಡಿದ ಕೆಲಸವನ್ನೂ ಇದರಲ್ಲಿ ದಾಖಲಿಸಬಹುದು. ಆದರೆ ಹೊರಗಿನದನ್ನು ನೋಡಿ ಹೇಳಲು ಒಬ್ಬ ಮನುಷ್ಯ ಬೇಕು.

ನಾವು ಶಾಲೆಯಲ್ಲಿ ಇಡುತ್ತಿದ್ದ ದಾಖಲೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ನೆನೆಯಿರಿ. ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ತರಗತಿಯ ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಗುರುತಿಸುತ್ತಿದ್ದರು. ಅದೂ ಒಂದು ಜಾಡು ಹಿಡಿಯುವ ಸಾಧನವೇ. ಆದರೆ ಗುರುತು ಹಾಕುತ್ತಿದ್ದ ಶಿಕ್ಷಕಿ ಆ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದು ಓದುವುದನ್ನು ಕೇಳಿಸಿಕೊಂಡಿರುತ್ತಿದ್ದಳು. ಅಂಕಿಗಿಂತ ಮೊದಲು ನೋಟವಿತ್ತು. ತಂತ್ರಾಂಶದಲ್ಲಿ ಬಹುತೇಕ ಅಂಕಿ ಮಾತ್ರ ಇರುತ್ತದೆ. ನೋಟವನ್ನು ನಾವು ಆಮೇಲೆ ಸೇರಿಸಬೇಕಾಗುತ್ತದೆ.

ಹಾಗೆಂದು ಹಿಂದಿನದೆಲ್ಲ ಬಂಗಾರವಾಗಿತ್ತೆಂದು ಹೇಳಲಾರೆ. ಸೇವಾಂತರ್ಗತ ತರಬೇತಿಗಳಿಗೆ ಹೋದವರೆಲ್ಲರಿಗೂ ಅಲ್ಲಿಯ ಕ್ರಮ ನೆನಪಿರುತ್ತದೆ. ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ನಡುವೆ ಸಂಪನ್ಮೂಲ ವ್ಯಕ್ತಿಗಳ ಉಪನ್ಯಾಸ, ಊಟ, ಒಂದು ಜೊಂಪು. ಕೊನೆಯ ದಿನ ಸಂಜೆ ಬಸ್ಸಿಗೆ ಹೊತ್ತಾಯಿತೆನ್ನುವಾಗ ಹಿಮ್ಮಾಹಿತಿ ನಮೂನೆ ಕೈಗೆ ಬರುತ್ತಿತ್ತು. ತರಬೇತಿ ಹೇಗಿತ್ತೆಂಬ ಪ್ರಶ್ನೆಗೆ ‘ಅತ್ಯುತ್ತಮ’ ಎಂಬ ಮನೆಯಲ್ಲಿ ಗುರುತು ಹಾಕಿ, ಸೇವಾ ಪ್ರಮಾಣಪತ್ರ ಪಡೆದು ಹೊರಡುತ್ತಿದ್ದೆವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದ್ದರು. ಮೊದಲನೆಯದು, ಬಂದವರಿಗೆ ಹಿಡಿಸಿತೇ? ಎರಡನೆಯದು, ಅವರು ಕಲಿತರೇ? ಮೂರನೆಯದು, ಕಲಿತದ್ದು ಅವರ ಕೆಲಸದ ರೀತಿಯಲ್ಲಿ ಕಾಣಿಸಿತೇ? ನಾಲ್ಕನೆಯದು, ಅದರಿಂದ ಸಂಸ್ಥೆಗೆ ಫಲ ದೊರೆಯಿತೇ? ನಮ್ಮ ಹಿಮ್ಮಾಹಿತಿ ನಮೂನೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಿತ್ತು. ಇಂದಿನ ತಂತ್ರಾಂಶ ಎರಡನೆಯ ಮೆಟ್ಟಿಲನ್ನು ಮುಟ್ಟಿದೆ, ಅದೂ ಪರೀಕ್ಷೆ ಚೆನ್ನಾಗಿದ್ದರೆ. ಮೂರನೆಯ ಮೆಟ್ಟಿಲು ಪರದೆಯ ಮೇಲೆ ಇಲ್ಲ. ಅದು ಕೆಲಸ ನಡೆಯುವ ಸ್ಥಳದಲ್ಲಿದೆ.

ನನ್ನ ತಂಗಿಯ ಮಗಳು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಕೇಂದ್ರ ಸರ್ಕಾರದ ‘ನಿಷ್ಠಾ’ ಶಿಕ್ಷಕ ತರಬೇತಿ 2019ರ ಆಗಸ್ಟ್‌ನಲ್ಲಿ ಆರಂಭವಾದಾಗ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನು ತಲುಪುವ ಗುರಿಯಿತ್ತು. ಕೊರೋನಾ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ ಅದು 2017ರಲ್ಲಿ ಸ್ಥಾಪಿತವಾಗಿದ್ದ ‘ದೀಕ್ಷಾ’ ವೇದಿಕೆಯ ಮೂಲಕ ಅಂತರ್ಜಾಲದಲ್ಲಿ ನಡೆಯಿತು. 2021ರಲ್ಲಿ ಪ್ರೌಢಶಾಲಾ ಶಿಕ್ಷಕರಿಗೂ ವಿಸ್ತರಿಸಿತು. ನನ್ನ ಸೊಸೆ ಆ ಪಾಠಗಳನ್ನು ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಕನ್ನಡದಲ್ಲೇ ಕೇಳಿದಳು. ಸಮನ್ವಯ ಶಿಕ್ಷಣದ ಭಾಗವನ್ನು ಮತ್ತೆ ಮತ್ತೆ ಕೇಳಿದಳಂತೆ. ‘ಮಾವ, ನನ್ನ ತರಗತಿಯಲ್ಲಿ ಕಿವಿ ಮಂದವಿರುವ ಹುಡುಗಿ ಒಬ್ಬಳಿದ್ದಾಳೆ. ನಾನು ಕರಿಹಲಗೆಯ ಕಡೆ ತಿರುಗಿ ಮಾತಾಡುತ್ತಾ ಬರೆಯುತ್ತೇನಲ್ಲ, ಆಗ ಅವಳಿಗೆ ಏನೂ ತಿಳಿಯುವುದಿಲ್ಲ ಎನ್ನುವುದು ಹೊಳೆದೇ ಇರಲಿಲ್ಲ. ಈಗ ಬರೆದು ಮುಗಿಸಿ, ತಿರುಗಿ ನಿಂತು ಮಾತಾಡುತ್ತೇನೆ’ ಎಂದಳು. ಕರ್ಕ್‌ಪ್ಯಾಟ್ರಿಕ್ ಹೇಳಿದ ಮೂರನೆಯ ಮೆಟ್ಟಿಲೆಂದರೆ ಇದೇ. ಲೆಕ್ಕದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ಇರುವುದು ‘ಪೂರ್ಣ’ ಎಂಬ ಪದ. ಪಾಠವನ್ನು ಹಚ್ಚಿಟ್ಟು ಬೇರೆ ಕೆಲಸ ಮಾಡಿಕೊಂಡವರ ಮುಂದೆ ಇರುವುದೂ ಅದೇ ಪದ. ಇದು ವೇದಿಕೆಯ ದೋಷವಲ್ಲ. ಲಕ್ಷಾಂತರ ಜನರನ್ನು ಒಟ್ಟಿಗೆ ಎಣಿಸುವ ಯಾವ ಅಂಕಿಯೂ ಅಷ್ಟನ್ನೇ ಹೇಳಬಲ್ಲದು.

ಶಾಲೆಯಲ್ಲಿ ಇಂಥ ಅಂತರದಿಂದ ಆಗುವ ನಷ್ಟ ನಿಧಾನವಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಹಾಗಲ್ಲ, ಬೆರಳು ಹೋಗುತ್ತದೆ. ಪೀಣ್ಯದ ನನ್ನ ಶಿಷ್ಯನ ವಿಷಯಕ್ಕೆ ಬರುತ್ತೇನೆ.

ಅವನ ಕಾರ್ಖಾನೆಯಲ್ಲಿ ಪವರ್ ಪ್ರೆಸ್‌ಗಳಿವೆ. ಅಂಥ ಯಂತ್ರವನ್ನು ಬಿಚ್ಚಿ ಸರಿಪಡಿಸುವ ಮುನ್ನ ಅನುಸರಿಸಬೇಕಾದ ಕ್ರಮಕ್ಕೆ ಲಾಕ್‌ಔಟ್-ಟ್ಯಾಗ್‌ಔಟ್ ಎನ್ನುತ್ತಾರೆ. ಯಂತ್ರವನ್ನು ನಿಲ್ಲಿಸಬೇಕು, ಮುಖ್ಯ ಸ್ವಿಚ್ ಆರಿಸಬೇಕು, ಅದಕ್ಕೆ ತನ್ನದೇ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು, ಹೆಸರಿನ ಚೀಟಿ ತೂಗುಹಾಕಬೇಕು, ಒಳಗೆ ಉಳಿದಿರುವ ಗಾಳಿಯ ಒತ್ತಡವನ್ನು ಬಿಡಬೇಕು. ಕೊನೆಗೆ ಚಾಲನೆಯ ಗುಂಡಿಯನ್ನು ಒಮ್ಮೆ ಒತ್ತಿ, ಯಂತ್ರ ಅಲುಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನೌಕರರ ಸುರಕ್ಷತೆಗೆ ಬೇಕಾದ ಮಾಹಿತಿ, ತರಬೇತಿ, ಮೇಲ್ವಿಚಾರಣೆಗಳನ್ನು ಒದಗಿಸುವುದು ಕಾರ್ಖಾನೆಯನ್ನು ನಡೆಸುವವರ ಕರ್ತವ್ಯವೆಂದು 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಎ ವಿಧಿಯೇ ಹೇಳಿತ್ತು. ಅವನ ಕಾರ್ಖಾನೆ ಈ ಪಾಠವನ್ನು ಟ್ಯಾಬ್‌ನಲ್ಲಿ ಕಲಿಸಿ, ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ ಇಟ್ಟಿತ್ತು. ಉತ್ತೀರ್ಣರಾಗಲು ಹದಿನಾರು ಸರಿಯುತ್ತರ ಬೇಕು. 118 ಜನರಲ್ಲಿ ಹದಿನಾಲ್ಕು ಮಂದಿ ಎರಡೆರಡು ಬಾರಿ ಬರೆದೂ ಕೆಂಪಿನಲ್ಲೇ ಉಳಿದರು. ಕೆಂಪಿನವರ ಪಟ್ಟಿ ಕೊಡಬೇಕೆಂದೂ, ಅವರ ವಾರ್ಷಿಕ ಇನ್‌ಕ್ರಿಮೆಂಟ್ ತಡೆಯಲಾಗುವುದೆಂದೂ ಮೇಲಿನಿಂದ ಸೂಚನೆ ಬಂತು.

ಪಟ್ಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೆಸ್ ವಿಭಾಗದಲ್ಲಿರುವ ಒಬ್ಬ ಹಿರಿಯ ನೌಕರರ ಹೆಸರಿತ್ತು. ಹೊಸಬರಿಗೆಲ್ಲ ಕೆಲಸ ಕಲಿಸುವವರು ಅವರೇ. ಎರಡು ಬಾರಿಯೂ ಹದಿನೈದು ಅಂಕ. ‘ಸಾರ್, ಅವರಿಗೆ ಗೊತ್ತಿಲ್ಲ ಎಂದು ನಾನು ಸಹಿ ಹಾಕಬೇಕು. ನನಗೆ ಕೈ ಬರುತ್ತಿಲ್ಲ. ಬಿಟ್ಟುಬಿಟ್ಟರೆ ತಂತ್ರಾಂಶವನ್ನೇ ನಂಬದವನು ಎನ್ನುತ್ತಾರೆ’ ಎಂದು ಶಿಷ್ಯ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. ನಾನು ಎರಡು ಮಾತು ಹೇಳಿದೆ. ‘ಮೊದಲು ಹೋಗಿ ನೋಡಯ್ಯ. ಹದಿನಾಲ್ಕು ಜನರನ್ನೂ, ಹಸಿರಿನವರಲ್ಲಿ ಹದಿನಾಲ್ಕು ಜನರನ್ನೂ ಯಂತ್ರದ ಮುಂದೆ ನಿಲ್ಲಿಸಿ ಮಾಡಿ ತೋರಿಸಿ ಎನ್ನು. ಆಮೇಲೆ ಆ ಇಪ್ಪತ್ತು ಪ್ರಶ್ನೆಗಳ ಪ್ರತ್ಯೇಕ ಲೆಕ್ಕ ತಂತ್ರಾಂಶದಲ್ಲಿ ಸಿಗುತ್ತದೆಯೇ ಎಂದು ಹುಡುಕು.’

ಮೊದಲ ಕೆಲಸವನ್ನು ಅವನು ಪಾಳಿಯ ಮೇಲ್ವಿಚಾರಕರ ಜೊತೆ ಒಂದು ವಾರದಲ್ಲಿ ಮಾಡಿದ. ಹಿರಿಯರು ಒಂದು ಹೆಜ್ಜೆಯನ್ನೂ ಬಿಡದೆ ಎಲ್ಲವನ್ನೂ ಮಾಡಿ ತೋರಿಸಿದರು. ಕೆಂಪಿನ ಹದಿನಾಲ್ಕರಲ್ಲಿ ಒಂಬತ್ತು ಮಂದಿ ಸರಿಯಾಗಿ ಮಾಡಿದರು. ಐದು ಮಂದಿಗೆ ನಿಜಕ್ಕೂ ಬರುತ್ತಿರಲಿಲ್ಲ. ಅವರ ವಿಷಯದಲ್ಲಿ ತಂತ್ರಾಂಶ ಹೇಳಿದ್ದೇ ಸರಿ. ಹಸಿರಿನ ಹದಿನಾಲ್ಕರಲ್ಲಿ ಆರು ಮಂದಿ ಕೊನೆಯ ಹೆಜ್ಜೆಯನ್ನು, ಅಂದರೆ ಗುಂಡಿ ಒತ್ತಿ ನೋಡುವುದನ್ನು, ಬಿಟ್ಟರು. ಅವರಲ್ಲೊಬ್ಬ ಇಪ್ಪತ್ತಕ್ಕೆ ಇಪ್ಪತ್ತು ಪಡೆದ ಚುರುಕಿನ ಹುಡುಗ. ಯಾಕೆಂದು ಕೇಳಿದರೆ, ‘ಪಾಠದಲ್ಲಿ ಅದೂ ಇತ್ತು ಸಾರ್, ಉತ್ತರ ಬರೆದಿದ್ದೇನೆ. ಮಾಡುವಾಗ ನೆನಪಾಗಲಿಲ್ಲ’ ಎಂದನಂತೆ. ಅವನು ಸುಳ್ಳು ಹೇಳಲಿಲ್ಲ. ಪ್ರಶ್ನೆಗೆ ಉತ್ತರಿಸುವ ಜ್ಞಾನ ಅವನಲ್ಲಿತ್ತು, ಕೈಗೆ ಅಭ್ಯಾಸವಾಗಿರಲಿಲ್ಲ ಅಷ್ಟೆ. ಕೆಂಪಿನ ಐವರಿಗಿಂತ ಈ ಆರು ಜನರ ವಿಷಯದಲ್ಲಿ ನನಗೆ ಹೆಚ್ಚು ಭಯವಾಯಿತು. ಕೆಂಪಿನವರನ್ನು ಮತ್ತೆ ಕರೆದು ಕಲಿಸುತ್ತಾರೆ. ಹಸಿರಿನವರನ್ನು ಮತ್ತೆ ಯಾರೂ ನೋಡುವುದಿಲ್ಲ.

ಎರಡನೆಯ ಕೆಲಸ ನನಗೆ ಬಹಳ ಹಳೆಯ ವಿದ್ಯೆಯನ್ನು ನೆನಪಿಸಿತು. ಬಿ.ಎಡ್.ನಲ್ಲಿ ನಾವು ಪ್ರಶ್ನಾಂಶ ವಿಶ್ಲೇಷಣೆ ಕಲಿತಿದ್ದೆವು. ಉತ್ತರಪತ್ರಿಕೆಗಳನ್ನು ಅಂಕದ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಭಾಗವನ್ನು ಬೇರ್ಪಡಿಸುವುದು. ಈ 27ರ ಲೆಕ್ಕವನ್ನು ಸಮರ್ಥಿಸಿ ಟ್ರೂಮನ್ ಕೆಲ್ಲಿ ಎಂಬ ವಿದ್ವಾಂಸರು 1939ರಲ್ಲಿ ಬರೆದಿದ್ದರು. ನಲವತ್ತು ಮಕ್ಕಳ ತರಗತಿಯಾದರೆ ಮೇಲೆ ಹನ್ನೊಂದು, ಕೆಳಗೆ ಹನ್ನೊಂದು. ಪ್ರತಿ ಪ್ರಶ್ನೆಗೂ ಮೇಲಿನ ಗುಂಪಿನಲ್ಲಿ ಎಷ್ಟು ಜನ ಸರಿ, ಕೆಳಗಿನ ಗುಂಪಿನಲ್ಲಿ ಎಷ್ಟು ಜನ ಸರಿ ಎಂದು ನೋಡಿ, ವ್ಯತ್ಯಾಸವನ್ನು ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸಬೇಕು. ಒಳ್ಳೆಯ ಪ್ರಶ್ನೆಯಾದರೆ ಬಲ್ಲವರು ಹೆಚ್ಚು ಸರಿ ಮಾಡಿರುತ್ತಾರೆ, ಉತ್ತರ ಧನಾತ್ಮಕವಾಗಿರುತ್ತದೆ. ಋಣಾತ್ಮಕವಾಗಿ ಬಂದರೆ ಮಕ್ಕಳನ್ನಲ್ಲ, ಪ್ರಶ್ನೆಯನ್ನು ಅನುಮಾನಿಸಬೇಕು. ಗಂಟೆಗಟ್ಟಲೆ ಕಾಗದದ ಮೇಲೆ ಮಾಡುತ್ತಿದ್ದ ಈ ಲೆಕ್ಕಕ್ಕೆ ಬೇಕಾದುದೆಲ್ಲ ಆ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಆ ಪುಟವನ್ನು ತೆರೆದಿರಲಿಲ್ಲ, ಏಕೆಂದರೆ ಮೇಲಿನವರು ಕೇಳುತ್ತಿದ್ದುದು ಹಸಿರು ಎಷ್ಟು, ಕೆಂಪು ಎಷ್ಟು ಎಂದಷ್ಟೇ.

118 ಜನರಿಗೆ ಮೇಲಿನ ಗುಂಪು ಮೂವತ್ತೆರಡು, ಕೆಳಗಿನ ಗುಂಪು ಮೂವತ್ತೆರಡು. ಏಳನೆಯ ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ ಸರಿಯೆಂದು ಅಂಕ ಪಡೆದವರು ನಾಲ್ವರು, ಕೆಳಗಿನ ಗುಂಪಿನಲ್ಲಿ ಹನ್ನೊಂದು ಮಂದಿ. ಅಂದರೆ ಸೊನ್ನೆಗಿಂತ ಕೆಳಗೆ, ಸುಮಾರು ಋಣ 0.22. ಪ್ರಶ್ನೆಯನ್ನು ತೆಗೆದು ನೋಡಿದರೆ, ಇಂಗ್ಲಿಷಿನಲ್ಲಿ ‘ಗಾರ್ಡ್ ತೆರೆಯುವ ಮುನ್ನ ಯಾವುದನ್ನು ಮಾಡಬಾರದು?’ ಎಂಬ ಅರ್ಥದಲ್ಲಿದ್ದುದು ಕನ್ನಡಕ್ಕೆ ಬರುವಾಗ ‘ಯಾವುದನ್ನು ಮಾಡಬೇಕು?’ ಎಂದಾಗಿತ್ತು. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಮೂರು ಮಾಡಬೇಕಾದವು, ಒಂದು ಮಾಡಬಾರದ್ದು. ಕನ್ನಡದಲ್ಲಿ ಓದಿ, ಅರ್ಥಮಾಡಿಕೊಂಡು, ಮಾಡಬೇಕಾದುದನ್ನು ಆರಿಸಿದವರೆಲ್ಲರೂ ತಪ್ಪಾದರು. ಕಣ್ಣುಮುಚ್ಚಿ ಗುರುತು ಹಾಕಿದ ಕೆಲವರು ಸರಿಯಾದರು. ಒಂದು ‘ಬಾರದು’ ಬಿದ್ದುಹೋದದ್ದರಿಂದ ಇಪ್ಪತ್ತೆರಡು ವರ್ಷ ಅನುಭವವಿದ್ದವರು ಒಂದು ಅಂಕಕ್ಕೆ ಅನುತ್ತೀರ್ಣರಾಗಿದ್ದರು.

ಶಿಷ್ಯ ಈ ಎರಡೂ ಲೆಕ್ಕಗಳನ್ನು ಪಟ್ಟಿಯ ಜೊತೆ ಲಗತ್ತಿಸಿ ಕಳುಹಿಸಿದ. ಪ್ರಶ್ನೆ ತಿದ್ದಲ್ಪಟ್ಟಿತು. ಹಿರಿಯರ ಇನ್‌ಕ್ರಿಮೆಂಟ್ ಬಂತು, ಎರಡು ತಿಂಗಳು ತಡವಾಗಿ. ಆದರೆ ‘ನನ್ನ ಹೆಸರು ಕೆಂಪಿನಲ್ಲಿ ಗೋಡೆಗೆ ಹತ್ತಿತ್ತಲ್ಲ’ ಎಂಬ ಅವರ ನೋವಿಗೆ ತಿದ್ದುಪಡಿ ಇರಲಿಲ್ಲ. ವಿಭಾಗದ ಗೋಡೆಯ ಮೇಲೆ ಆ ಪಟ್ಟಿ ಹದಿನೈದು ದಿನ ಇತ್ತಂತೆ, ಅವರು ಕೆಲಸ ಕಲಿಸಿದ ಹುಡುಗರೆಲ್ಲ ನೋಡುವಂತೆ. ಈಗ ತಂತ್ರಾಂಶದಲ್ಲಿ ಇನ್ನೊಂದು ಕಲಮು ಸೇರಿದೆ: ‘ಮಾಡಿ ತೋರಿಸಿದ್ದಾರೆ’. ಅದನ್ನು ಮೇಲ್ವಿಚಾರಕರು ಕಣ್ಣಾರೆ ಕಂಡ ಮೇಲೆ ತುಂಬಬೇಕು. ಹೊತ್ತು ಹಿಡಿಯುತ್ತದೆ, ಉತ್ಪಾದನೆ ಕುಂಠಿತವಾಗುತ್ತದೆ ಎಂಬ ಆಕ್ಷೇಪಣೆ ಇದ್ದೇ ಇದೆ. ನೋಡದೆಯೇ ತುಂಬುವವರೂ ಮುಂದೆ ಹುಟ್ಟಿಕೊಳ್ಳಬಹುದು. ಆಗ ಆ ಕಲಮೂ ನಮ್ಮ ಬೆಳಗಿನ ಸಹಿ, ಸಂಜೆಯ ಸಹಿಯ ಸಾಲಿಗೆ ಸೇರುತ್ತದೆ.

ಅಂಕಿಗೆ ಹಣವನ್ನು ಗಂಟುಹಾಕಿದಾಗ ಏನಾಗುತ್ತದೆಂಬುದಕ್ಕೆ ಶಿಕ್ಷಣದ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಾವಳಿಯಂತೆ ಶಾಲೆಯ ಅನುದಾನವನ್ನು ಮಕ್ಕಳ ಹಾಜರಿಗೂ, ತನಿಖಾಧಿಕಾರಿಯ ಮುಂದೆ ಓದು, ಬರಹ, ಲೆಕ್ಕದಲ್ಲಿ ಅವರು ತೇರ್ಗಡೆಯಾಗುವುದಕ್ಕೂ ಕಟ್ಟಲಾಯಿತು. ಫಲಿತಾಂಶಕ್ಕೆ ತಕ್ಕ ಸಂಬಳವೆಂದು ಅದು ಪ್ರಸಿದ್ಧ. ಮಕ್ಕಳು ಪಠ್ಯವನ್ನು ಓದಲು ಕಲಿಯುವುದರ ಬದಲು ಬಾಯಿಪಾಠ ಮಾಡಿದರು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ಇದನ್ನು ಬಲವಾಗಿ ವಿರೋಧಿಸಿದರು. ಆದರೂ ಆ ಪದ್ಧತಿ ಮೂರು ದಶಕಗಳಷ್ಟು ಕಾಲ ಬದುಕಿತು. ನಮ್ಮ ನೆರೆಯ ಮದರಾಸು ಪ್ರಾಂತದ ಶಾಲೆಗಳಿಗೂ ಅದರ ಮಾದರಿ ಬಂದಿತ್ತು. ಆ ಕಾಲದಲ್ಲಿ ತಂತ್ರಾಂಶವಿರಲಿಲ್ಲ, ಕಾಗದವಿತ್ತು. ರೋಗ ಕಾಗದದ್ದೂ ಅಲ್ಲ, ತಂತ್ರಾಂಶದ್ದೂ ಅಲ್ಲ. ಸುಲಭವಾಗಿ ಎಣಿಸಬಹುದಾದುದನ್ನೇ ಕಲಿಕೆಯೆಂದು ಕರೆದು, ಅದರ ಮೇಲೆ ಅನ್ನವನ್ನು ಇಟ್ಟದ್ದು ರೋಗ.

ಇಂಥ ವಿಭಾಗಗಳಲ್ಲಿರುವ ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಕೆಲವು ವಿನಂತಿಗಳಿವೆ. ಹಸಿರೆಂದು ಕಂಡ ಪ್ರತಿ ಕಲಮಿನ ಎದುರೂ ‘ಯಂತ್ರ ನಿಜವಾಗಿ ಕಂಡದ್ದೇನು?’ ಎಂದು ಕೇಳಿಕೊಳ್ಳಿ. ಪುಟ ತಿರುಗಿದ್ದನ್ನು ಕಂಡಿತೇ, ಉತ್ತರ ಒತ್ತಿದ್ದನ್ನು ಕಂಡಿತೇ, ಕೆಲಸ ಮಾಡಿದ್ದನ್ನು ಕಂಡಿತೇ? ಬಹಳ ಜನ ಒಂದೇ ಕಡೆ ಎಡವಿದರೆ ಮೊದಲು ಪ್ರಶ್ನೆಯನ್ನೂ ಪಾಠವನ್ನೂ ಪರೀಕ್ಷಿಸಿ. ಕೆಂಪಿನವರನ್ನು ವಿಚಾರಿಸುವಾಗ ಹಸಿರಿನವರಲ್ಲೂ ನಾಲ್ಕಾರು ಜನರನ್ನು ಕರೆದು ನೋಡಿ. ಪಟ್ಟಿಯನ್ನು ಗೋಡೆಗೆ ಹಚ್ಚುವ ಮುನ್ನ ಅದರಲ್ಲಿರುವವನಿಗೆ ಒಬ್ಬನಿಗೇ ತೋರಿಸಿ, ಅವನು ಹೇಳುವುದನ್ನು ಕೇಳಿ. ತರಬೇತಿ ಪಡೆಯುವ ಮಿತ್ರರಿಗೂ ಒಂದು ಮಾತಿದೆ. ಮುಗಿಸುವ ಆತುರದಲ್ಲಿ, ನಿಮ್ಮ ಕೈಯನ್ನೋ ಇನ್ನೊಬ್ಬರ ಜೀವವನ್ನೋ ಕಾಯುವ ಪಾಠವನ್ನು ಹಾರಿಸಬೇಡಿ. ಯಾರೂ ನೋಡುತ್ತಿಲ್ಲದಾಗಲೂ ಆ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.